ಮಗುವಿನ ಯಕೃತ್ತಿನ ಗಡ್ಡೆಯಲ್ಲಿ ವೈರಸ್ ಹುಡುಕಿದ ಬಗೆ

ಹಾಸನದಂಥ ಊರಿನ ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಮಕ್ಕಳಿಂದ ಪರೀಕ್ಷೆಗೆ ಬರುವ ಅಂಗಾಂಶದ ಚೂರುಗಳಲ್ಲಿ ಕುತ್ತಿಗೆಯ ಗ್ರಂಥಿಗಳೇ ಹೆಚ್ಚು. ಅವುಗಳಲ್ಲಿ ಕ್ಷಯದ್ದೇ ಕಾರುಬಾರು. ನಯವಾದ ಸ್ನಾಯುವಿನ (ಗರ್ಭಕೋಶ, ಕರುಳು, ರಕ್ತನಾಳಗಳ ಗೋಡೆಯಲ್ಲಿರುವ ಸ್ನಾಯುವಿನ) ಗಡ್ಡೆ ಎಂದರೆ ನಮಗೆ ನೆನಪಾಗುವುದು ಹೆಂಗಸರ ಗರ್ಭಕೋಶದ ಫೈಬ್ರಾಯ್ಡ್. ಅದೇ ಬಗೆಯ ಜೀವಕೋಶಗಳು ಶಾಲೆಗೆ ಹೋಗುವ ಹುಡುಗನ ಯಕೃತ್ತಿನಲ್ಲಿ ಕಂಡಾಗ ಕಣ್ಣು ಸೂಕ್ಷ್ಮದರ್ಶಕದಿಂದ ಏಳಲಿಲ್ಲ. (ಮಗುವಿನ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಉದ್ದನೆಯ ಕೋಶಗಳು ಕಂತೆ ಕಂತೆಯಾಗಿ ಒಂದನ್ನೊಂದು ಅಡ್ಡ ಹಾಯ್ದಿದ್ದವು. ಕೋಶಕೇಂದ್ರಗಳ ಎರಡೂ ತುದಿ ಮೊಂಡು. ಸ್ನಾಯುವಿನ ಪ್ರೋಟೀನುಗಳನ್ನು ತೋರಿಸುವ ಬಣ್ಣಗಳಲ್ಲಿ ಆಕ್ಟಿನ್ ಗಾಢವಾಗಿ ಹಿಡಿದಿತ್ತು, ಡೆಸ್ಮಿನ್ ಅಲ್ಲಲ್ಲಿ. ಇಷ್ಟರಲ್ಲಿ ಸ್ನಾಯುವಿನ ಗಡ್ಡೆ ಎಂಬುದು ಖಚಿತ. ನನ್ನನ್ನು ತಡೆದದ್ದು ಕಂತೆಗಳ ನಡುವೆ ಚದುರಿದ್ದ ಲಿಂಫೋಸೈಟುಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ನಯಸ್ನಾಯುವಿನ ಕ್ಯಾನ್ಸರಾದ ಸಾಮಾನ್ಯ ಲಿಯೋಮಯೋಸಾರ್ಕೋಮಾದಲ್ಲಿ ಅವು ಇಷ್ಟು ಧಾರಾಳವಾಗಿ ಇರುವುದಿಲ್ಲ. ಇದರ ಹಿಂದೆ ವೈರಸ್ ಇರಬಹುದೇ ಎಂಬ ಅನುಮಾನ ಬಂತು.

ಎಪ್‌ಸ್ಟೀನ್-ಬಾರ್ ವೈರಸ್ 1964ರಲ್ಲಿ ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರಿನ ಕೋಶಗಳಲ್ಲಿ ಕಂಡದ್ದು. ನಯಸ್ನಾಯುವಿನ ಗಡ್ಡೆಗೂ ಅದಕ್ಕೂ ನಂಟಿದೆ ಎಂದು 1995ರಲ್ಲಿ ಎರಡು ವರದಿಗಳು ಒಟ್ಟಿಗೇ ಬಂದವು: ಒಂದು ಏಡ್ಸ್ ಇದ್ದ ಎಳೆಯರದ್ದು, ಇನ್ನೊಂದು ಅಂಗಾಂಗ ಕಸಿಯಾದ ಮಕ್ಕಳದ್ದು. ಎರಡೂ ಕಡೆ ರೋಗನಿರೋಧಕ ಶಕ್ತಿ ಕುಗ್ಗಿತ್ತು. ನಮ್ಮಲ್ಲಿ ಬಹುಪಾಲು ಮಕ್ಕಳಿಗೆ ಎಂಜಲಿನ ಮೂಲಕ ಈ ವೈರಸ್ ಬೇಗನೆ ತಗಲುತ್ತದೆ, ಮಾಮೂಲಿ ಜ್ವರದಂತೆ ಬಂದು ಹೋಗುತ್ತದೆ, ಆಮೇಲೆ ರಕ್ತದ ಬಿ ಕೋಶಗಳಲ್ಲಿ ಆಯುಷ್ಯಪೂರ್ತಿ ಅಡಗಿರುತ್ತದೆ. ಹಾಗಾಗಿ 'ರಕ್ತದಲ್ಲಿ ವೈರಸ್ಸಿನ ಪ್ರತಿಕಾಯ ಇದೆಯೇ ನೋಡೋಣ' ಎಂಬ ಸಲಹೆಯಿಂದ ಇಲ್ಲಿ ಏನೂ ಸಿಗದು. ಅದು ಯಾರಲ್ಲಿ ತಾನೇ ಇಲ್ಲ? ವೈರಸ್ಸನ್ನು ಹುಡುಕಬೇಕಾದದ್ದು ಗಡ್ಡೆಯ ಕೋಶದ ಒಳಗೆ.

ಅದಕ್ಕೂ ಮೊದಲು ಮಗುವಿನ ಎಚ್‌ಐವಿ ಸ್ಥಿತಿ ತಿಳಿಯಬೇಕಿತ್ತು. ಚೂರಿನ ಜೊತೆ ಬಂದ ಚೀಟಿಯಲ್ಲಿ 'ಯಕೃತ್ತಿನಲ್ಲಿ ಎರಡು ಗಂಟು, ಬೇರೆಡೆಯಿಂದ ಹರಡಿದ್ದೇ?' ಎಂದಷ್ಟೇ ಇತ್ತು. ಇಂಥದ್ದನ್ನು ಕೌಂಟರಿನಲ್ಲಿ ಎಲ್ಲರೆದುರು ಕೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಗೌಪ್ಯತೆ ಕಾಯುವಂತೆ ಹೇಳುತ್ತದೆ, ಕಾಯ್ದೆ ಇಲ್ಲದಿದ್ದರೂ ಹಾಗೆ ಕೇಳುವುದು ಮರ್ಯಾದೆಯಲ್ಲ. ಮಕ್ಕಳ ವೈದ್ಯರಿಗೆ ಫೋನ್ ಮಾಡಿದೆ. ವರದಿ ಕೇಳಲು ಬಂದಿದ್ದ ಅಜ್ಜಿಯನ್ನು ಒಳಗೆ ಕರೆದು ಕೂರಿಸಿದೆ.

"ಅಮ್ಮಾ, ಮಗುವಿಗೆ ಕ್ಯಾನ್ಸರೇ?"

"ಇನ್ನೊಂದು ಪರೀಕ್ಷೆ ಆಗಬೇಕು ಅಜ್ಜಿ. ಅವನಿಗೆ ಮೊದಲಿನಿಂದ ಯಾವುದಾದರೂ ಮಾತ್ರೆ ನಡೆಯುತ್ತಿದೆಯೇ?"

ಅವರು ಸೆರಗಿನ ಮರೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ, ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದ ಪುಸ್ತಕವನ್ನು ತೆಗೆದು ನನ್ನ ಕೈಗಿಟ್ಟರು. ಮಳೆಗಾಲದಲ್ಲಿ ತೋಟದ ಲೈನಿನಿಂದ (ಕೂಲಿಯವರ ಸಾಲುಮನೆಗಳಿಂದ) ಬಸ್ಸಿನವರೆಗೆ ಬರಲಾಗದೆ ಮಾತ್ರೆ ತಪ್ಪಿದ್ದು ಅದರ ಖಾಲಿ ಸಾಲುಗಳಲ್ಲೇ ಗೊತ್ತಾಗುತ್ತಿತ್ತು.

ಮುಂದಿನ ಪರೀಕ್ಷೆಯನ್ನು ಎಬರ್ ಎನ್ನುತ್ತೇವೆ. ವೈರಸ್ ಅಡಗಿರುವ ಕೋಶದ ಕೇಂದ್ರದಲ್ಲಿ ಅದರದೇ ಪುಟ್ಟ ಆರ್‌ಎನ್‌ಎ ಹೇರಳವಾಗಿರುತ್ತದೆ. ಅದಕ್ಕೆ ಅಂಟುವ ಎಳೆಯನ್ನು ಹಾಕಿ ಬಣ್ಣ ಬರಿಸುವುದು. ಆ ಸೌಲಭ್ಯ ನನ್ನಲ್ಲಿಲ್ಲ, ಚೂರನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಫಿನ್ ಬ್ಲಾಕನ್ನು ಬೆಂಗಳೂರಿಗೆ ಕಳಿಸಿದೆ. ಆರ್‌ಎನ್‌ಎ ಬೇಗ ಹಾಳಾಗುವ ವಸ್ತು. ಚೂರನ್ನು ತೆಗೆದ ಕೂಡಲೇ ಅದು ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಹಾಕದೆ ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಸಂಜೆಯವರೆಗೆ ಇಡುವ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಹಾಗಾದರೆ ವೈರಸ್ ಇದ್ದರೂ ಸ್ಲೈಡು ಬಿಳುಚಿಕೊಂಡು ಸುಳ್ಳು ಹೇಳುತ್ತದೆ. ಆದ್ದರಿಂದ ಆರ್‌ಎನ್‌ಎ ಉಳಿದಿದೆಯೇ ಎಂದು ತೋರಿಸುವ ನಿಯಂತ್ರಣ ಸ್ಲೈಡನ್ನೂ ಕೇಳಿ ಪಡೆದೆ. ಸ್ಲೈಡು ಬಂದಾಗ ಗಡ್ಡೆಯ ಕೋಶಕೇಂದ್ರಗಳೆಲ್ಲ ಕಪ್ಪಾಗಿದ್ದವು, ಪಕ್ಕದ ಯಕೃತ್ತಿನ ಕೋಶಗಳಲ್ಲಿ ಬಣ್ಣದ ಸುಳಿವೇ ಇಲ್ಲ.

ವರದಿಯಲ್ಲಿ ನಾನು ಒತ್ತಿ ಬರೆದದ್ದು ಎರಡನೆಯ ಗಂಟಿನ ಬಗ್ಗೆ. ಈ ರೋಗದಲ್ಲಿ ಹಲವು ಗಂಟುಗಳು ಒಂದರಿಂದ ಒಂದು ಹರಡಿದವೇ ಆಗಬೇಕಿಲ್ಲ; ಬೇರೆ ಬೇರೆ ಕೋಶಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿದವೂ ಇರುತ್ತವೆ. 'ನಾಲ್ಕನೆಯ ಹಂತ', ಅಂದರೆ ದೂರಕ್ಕೆ ಹರಡಿದ ಕ್ಯಾನ್ಸರ್, ಎಂದು ಮುದ್ರೆ ಒತ್ತಿ ಕೈಚೆಲ್ಲಬಾರದು. ಶಸ್ತ್ರಚಿಕಿತ್ಸೆಗೆ ಸಿಗುವುದನ್ನು ತೆಗೆಯುವುದು, ಎಚ್‌ಐವಿ ಔಷಧವನ್ನು ಸರಿದಾರಿಗೆ ತರುವುದು, ಕಸಿಯಾದ ಮಕ್ಕಳಲ್ಲಾದರೆ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ವೈದ್ಯರೇ ಅಳೆದು ಇಳಿಸುವುದು: ದಾರಿ ಇರುವುದು ಇಲ್ಲಿ. ಕೀಮೋಥೆರಪಿಯಿಂದ ಹೆಚ್ಚಿನ ಲಾಭ ಕಂಡಿಲ್ಲ.

ಹುಡುಗನನ್ನು ಬೆಂಗಳೂರಿನ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ ಕಳಿಸಿದರು. ಮಾತ್ರೆಯನ್ನು ತೋಟದ ಲೈನಿಗೇ ತಲುಪಿಸಲು ಆಶಾ ಕಾರ್ಯಕರ್ತೆಯೊಬ್ಬರು ಒಪ್ಪಿಕೊಂಡರು.