ನೀಲಿ ಗಾಜಿನ ಬಾಟಲಿ ಪ್ಲಾಸ್ಟಿಕ್ಕಿನಂತೆ ಕಾಣುತ್ತಿದ್ದುದು ಸರಿಹೋದದ್ದು ಹೀಗೆ

ಆಯಿಲ್ ಪೇಂಟಿಂಗ್. ಬಿಳಿ ಪಿಂಗಾಣಿ ಬಟ್ಟಲು, ಪಕ್ಕದಲ್ಲಿ ಕಡುನೀಲಿ ಬಾಟಲಿ, ಎಡಗಡೆಯಿಂದ ಒಂದೇ ದೀಪ. ಬಟ್ಟಲು ಚೆನ್ನಾಗಿ ಬಂದಿತ್ತು, ಬಾಟಲಿ ಮಾತ್ರ ಸುಣ್ಣ ಬಳಿದಂತೆ ಮಂಕು.

ಕಾರಣ ಎರಡು. ನೀಲಿಯನ್ನು ತಿಳಿಗೊಳಿಸಲು ಟೈಟೇನಿಯಂ ವೈಟ್ ಬೆರೆಸಿದ್ದು. ಅದು ಅಪಾರದರ್ಶಕ, ಗಾಜಿನ ಹೊಳಪನ್ನೇ ನುಂಗುತ್ತದೆ. ಇನ್ನೊಂದು, ಬಟ್ಟಲಿನಂತೆಯೇ ಬಾಟಲಿಗೂ ಎಡಕ್ಕೆ ಬೆಳಕು, ಬಲಕ್ಕೆ ನೆರಳು ಕೊಟ್ಟದ್ದು. ಗಾಜಿನಲ್ಲಿ ಇದು ತಿರುವುಮುರುವು: ಎಡಕ್ಕೆ ಚಿಕ್ಕ ಚೂಪಾದ ಬಿಳಿ ಹೊಳಪಷ್ಟೇ, ಒಳಹೊಕ್ಕ ಬೆಳಕು ಬಣ್ಣವನ್ನು ಬೆಳಗಿಸುವುದು ಬಲಭಾಗದಲ್ಲಿ.

ಮಂಕು ಪದರವನ್ನು ಚಾಕುವಿನಿಂದ ಕೆರೆದು, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದೆ. ಬಲಭಾಗಕ್ಕೆ ಬಿಳಿ, ಎಡಕ್ಕೆ ನಡುಬೂದು, ತೆಳುವಾಗಿ. ಇದು ಅಂಟದಷ್ಟು ಒಣಗಲು ಸುಮಾರು ವಾರ ಬೇಕು. ಅವಸರಪಟ್ಟರೆ ಮೇಲಿನ ನೀಲಿ ಬಿಳಿಯೊಂದಿಗೆ ಕಲಸಿ ಮತ್ತೆ ಅದೇ ಸುಣ್ಣ. ಆಮೇಲೆ ಅಲ್ಟ್ರಾಮರೀನ್ ಎಂಬ ಕಡುನೀಲಿ ಬಣ್ಣಕ್ಕೆ ಲಿನ್ಸೀಡ್ (ಅಗಸೆ) ಎಣ್ಣೆ ಬೆರೆಸಿ, ಅಡಿಯ ಬಿಳಿ ಕಾಣುವಷ್ಟು ತೆಳುವಾಗಿ ಹಚ್ಚಿದೆ. ಅದು ಒಣಗಿದ ಮೇಲೆ ಅಂಚು, ತಳದ ದಪ್ಪ ಗಾಜಿಗೆ ಮಾತ್ರ ಇನ್ನೊಂದು ಪದರ. ಥ್ಯಾಲೋ ನೀಲಿಯೂ ಆಗುತ್ತದೆ, ಆದರೆ ಅದರ ಕಸುವು ವಿಪರೀತ, ಸಾಸಿವೆಯಷ್ಟು ಸಾಕು.

ಮೇಜಿನ ಮೇಲಿನ ನೆರಳನ್ನು ಬೂದು ಮಾಡಬಾರದು. ಅದರ ನಡುವೆ ನೀಲಿ ಬೆಳಕಿನ ಪಟ್ಟೆಯೊಂದು ಇರುತ್ತದೆ. ಆ ನೀಲಿಯ ಛಾಯೆ ಬಟ್ಟಲಿನ ಹೊಟ್ಟೆಯ ಮೇಲೂ ಬೀಳುತ್ತದೆ. ಬಿಳಿ ಹೊಳಪು ಕೊನೆಗೆ, ಒಂದೇ ಏಟಿನಲ್ಲಿ, ದಪ್ಪ ಬಣ್ಣದಿಂದ.