ಹಾಸ್ಟೆಲಿನಲ್ಲಿ ಮನಸ್ಸು ಮುರಿದರೆ

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ನಾನು ಪದವಿಗೆಂದು ಕಲ್ಲಿಕೋಟೆಗೆ ಹೋದೆ. ನನ್ನ ಮಲಯಾಳವನ್ನು ತಿದ್ದಿ ಕಲಿಸಿದವನನ್ನೇ ಪ್ರೀತಿಸಿದೆ. ಎರಡನೆಯ ವರ್ಷದ ಡಿಸೆಂಬರಿನಲ್ಲಿ, ಮನೆಯವರು ಒಪ್ಪುವುದಿಲ್ಲವೆಂದು ಒಂದು ಸಾಲಿನ ಸಂದೇಶ ಕಳುಹಿಸಿ ಅವನು ದೂರವಾದ. ಈಗ ಊರು ಬಿಟ್ಟು ಓದಲು ಹೊರಟಿರುವ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ರಾತ್ರಿ ಒಬ್ಬಳೇ ಇರಬೇಡಿ. ಕೋಣೆಯ ಗೆಳತಿಗೆ ಕಾರಣ ಹೇಳಬೇಕಾಗಿಲ್ಲ, “ಇವತ್ತು ನನ್ನ ಪಕ್ಕದಲ್ಲಿ ಮಲಗು” ಎಂದರೆ ಸಾಕು. ಅನ್ನ ಸೇರದಿದ್ದರೆ ಗಂಜಿಯಾದರೂ ಕುಡಿಯಿರಿ. ಅವನಿಗೆ ಬರೆಯಲೇಬೇಕು ಎನಿಸಿದರೆ ಮೊಬೈಲ್ ಬೇಡ, ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಿರಿ. ಮಲಯಾಳದಲ್ಲಿ ಬರೆಯಲು ಕುಳಿತಾಗಲೆಲ್ಲ ನನಗೆ ಬೇಡಿಕೊಳ್ಳುವ ಮಾತೇ ಬರುತ್ತಿತ್ತು. ಕನ್ನಡದಲ್ಲಿ ಬರೆದ ದಿನ ಸಿಟ್ಟು ಬಂತು, ಹಸಿವೂ ಆಯಿತು.

ತರಗತಿ ತಪ್ಪಿಸಬೇಡಿ. ಕಡ್ಡಾಯ ಹಾಜರಿಯ ಲೆಕ್ಕ ನಮ್ಮ ಕಣ್ಣೀರಿಗಾಗಿ ಕಾಯುವುದಿಲ್ಲ. ಫೋಟೊ ಇಟ್ಟುಕೊಂಡು ಯಾರಾದರೂ ಬೆದರಿಸಿದರೆ ಆ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಬೆಳಗಾಗುವವರೆಗೂ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಗೆ ತಿಳಿಸುವುದು. “ಓದಿದ್ದು ಸಾಕು, ಬಾ” ಎನ್ನುತ್ತಾರೆಂಬ ಹೆದರಿಕೆ ನನಗೂ ಇತ್ತು. ಕ್ರಿಸ್ಮಸ್ ರಜೆಗೆ ರೈಲು ಹತ್ತಿದವಳು ಕಣ್ಣೂರು, ಪಯ್ಯನ್ನೂರು, ಹೊಸದುರ್ಗ (ಕಾಞಂಗಾಡ್) ದಾಟುವವರೆಗೂ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದೆ. ಕಾಸರಗೋಡಿನ ಹತ್ತಿರ ಚಂದ್ರಗಿರಿ ಹೊಳೆ ಕಂಡಾಗ ಎಲ್ಲವೂ ಮರೆತುಹೋಯಿತು.

ಫೋನಿನಲ್ಲಿ ಹೇಳಬೇಡಿ. ಎಲ್ಲರೂ ಉಣ್ಣಲು ಕುಳಿತಾಗಲೂ ಬೇಡ. ಮನೆಯಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅಮ್ಮನೇ ಆಗಬೇಕೆಂದಿಲ್ಲ, ಚಿಕ್ಕಮ್ಮನೂ ಅಜ್ಜಿಯೂ ಆಗಬಹುದು. ಅವರ ಕೈಯಲ್ಲಿ ಕೆಲಸವಿರುವ ಹೊತ್ತು ನೋಡಿ. ನಾನು ನಾಲ್ಕನೆಯ ದಿನ ಸಂಜೆ, ಜಗಲಿಯಲ್ಲಿ ಅಮ್ಮನ ಜೊತೆ ಅಡಿಕೆ ಸುಲಿಯುತ್ತ ಹೇಳಿದೆ. ಕಣ್ಣು ಕತ್ತಿಯ ಮೇಲಿದ್ದರೆ ಮುಖ ನೋಡಬೇಕಾಗುವುದಿಲ್ಲ, ನಡುವೆ ಮಾತು ನಿಂತರೂ ಕೆಲಸ ನಿಲ್ಲುವುದಿಲ್ಲ. ಮೊದಲ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿಟ್ಟುಕೊಳ್ಳಿ. ನನ್ನದು ಇಷ್ಟೇ ಇತ್ತು: “ಅಮ್ಮಾ, ಓದು ಬಿಡಿಸುವುದಿಲ್ಲ ಎಂದರೆ ಒಂದು ವಿಷಯ ಹೇಳುತ್ತೇನೆ.”

ಅಮ್ಮನ ಕೈ ಒಮ್ಮೆ ನಿಂತಿತು. ಬೈಗುಳ ಬರಬಹುದೆಂದು ತಲೆ ತಗ್ಗಿಸಿದೆ. ಬಂದದ್ದು ಪ್ರಶ್ನೆ: “ಅವನ ಹತ್ತಿರ ನಿನ್ನದೇನಾದರೂ ಉಳಿದಿದೆಯೇ?” ಹಣವಿಲ್ಲ, ಫೋಟೊ ಇಲ್ಲ, ಒಂದು ಕೊಡೆ ಇದೆ ಎಂದೆ. ಕೊಡೆ ಹೋಗಲಿ ಎಂದರು. ಕಾಲೇಜಿಗೆ ಮರಳುವುದೇ ಬೇಡ ಎಂದು ನಾನೇ ಅತ್ತಾಗ ಅಂಗಳ ತೋರಿಸಿದರು. ಹೊಸದಾಗಿ ಹರಡಿದ ಅಡಿಕೆ ಇನ್ನೂ ಹಳದಿಯಾಗಿಯೇ ಇತ್ತು. “ಅದು ಒಣಗುವವರೆಗೆ ಏನನ್ನೂ ತೀರ್ಮಾನಿಸಬೇಡ.” ಹಣ್ಣಡಿಕೆ ಸಿಪ್ಪೆಸಮೇತ ಒಣಗಿ ಚಾಲಿಯಾಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಿಮ್ಮ ಮನೆಯಲ್ಲಿ ತೋಟವಿಲ್ಲದಿದ್ದರೆ ಕ್ಯಾಲೆಂಡರಿನಲ್ಲಿ ಅಷ್ಟೇ ದಿನ ಗುರುತು ಹಾಕಿಕೊಳ್ಳಿ.

ಫೆಬ್ರವರಿಯಲ್ಲಿ ಅಮ್ಮ ಕರೆ ಮಾಡಿ, ಅಡಿಕೆಯನ್ನು ಗೋಣಿಗೆ ತುಂಬಿಸಿದೆವು ಎಂದರು. ನಾನು ಪರೀಕ್ಷಾ ಶುಲ್ಕ ಕಟ್ಟುವ ಸಾಲಿನಲ್ಲಿದ್ದೆ. ನನ್ನ ಮುಂದೆ ಇನ್ನು ಮೂವರಿದ್ದರು.