ಹೇಳಿದ್ದನ್ನೇ ಹೇಳುವ ಮಗು: ಎಣಿಸಬೇಡಿ, ಬರೆದಿಡಿ

‘ಊಟ ಮಾಡ್ತೀಯಾ ಪುಟ್ಟಾ?’ ಎಂದು ಕೇಳಿದರೆ ‘ಊಟ ಮಾಡ್ತೀಯಾ ಪುಟ್ಟಾ’ ಎಂದೇ ವಾಪಸ್ ಬರುತ್ತದೆ. ಮೊದಲ ವಾರ ಮನೆಯವರು ನಗುತ್ತಾರೆ, ವಿಡಿಯೊ ಮಾಡಿ ಗ್ರೂಪಿಗೆ ಹಾಕುತ್ತಾರೆ. ಯಾರೋ ‘ಆಟಿಸಂ ಇರಬಹುದು’ ಎಂದ ಕೂಡಲೇ ನಿದ್ದೆ ಹಾರಿಹೋಗುತ್ತದೆ. ನಡುವೆ ಮಾಡಬೇಕಾದ ಕೆಲಸ ಹಾಗೇ ಉಳಿಯುತ್ತದೆ.

ಮೊದಲು ವಯಸ್ಸು ನೋಡಿ. ಒಂದೂವರೆ, ಎರಡು ವರ್ಷದ ಮಗು ಮಾತು ಕಲಿಯುವುದೇ ಹೀಗೆ. ಮೂರರ ಹೊತ್ತಿಗೆ ಸ್ವಂತ ಮಾತು ಜಾಸ್ತಿಯಾಗಿ ಇದು ಕಡಿಮೆಯಾಗಬೇಕು. ‘ನಾ... ನಾ... ನಾನು’ ಎನ್ನುವ ತೊದಲು ಬೇರೆ ವಿಷಯ, ಇದರ ಜೊತೆ ಕಲೆಸಬೇಡಿ.

ಎರಡನೆಯದು ಕಿವಿ ಪರೀಕ್ಷೆ. ತಟ್ಟೆ ಬಡಿದರೆ ತಿರುಗುತ್ತೆ ಅಲ್ವಾ ಎಂದು ಬಿಡಬೇಡಿ. ತಟ್ಟೆಯ ಸದ್ದು ಕೇಳುವ ಮಗುವಿಗೆ ‘ಸ’ ಕೇಳದಿರಬಹುದು.

ಎಲ್ಲರೂ ಎಡವುವುದು ಮೂರನೆಯದರಲ್ಲಿ. ದಿನಕ್ಕೆ ಎಷ್ಟು ಸಲ ಹೇಳಿತು ಎಂದು ಲೆಕ್ಕ ತರುತ್ತಾರೆ. ಆ ಲೆಕ್ಕ ನನಗೆ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ವಾರವಿಡೀ ಮೂರು ಸಂಗತಿ ಬರೆಯಿರಿ: ಮಗು ಹೇಳಿದ ಮಾತು, ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದು, ಹೇಳುವಾಗ ಕಣ್ಣು ಮತ್ತು ಕೈ ಎಲ್ಲಿದ್ದವು. ಮೊಬೈಲಿನಲ್ಲಿ ಬೇಡ, ಅದು ಕಂಡರೆ ಮಗು ಅದನ್ನೇ ಕೇಳುತ್ತದೆ.

ಮೂರು ವರ್ಷದ ಹುಡುಗನೊಬ್ಬ ಮಟಮಟ ಮಧ್ಯಾಹ್ನವೂ ‘ಬಾಗ್ಲು ಹಾಕು, ಸೊಳ್ಳೆ ಬರುತ್ತೆ’ ಎನ್ನುತ್ತಿದ್ದ. ಸುಮ್ನೆ ಗಿಣಿಪಾಠ ಎಂದುಕೊಂಡಿದ್ದರು. ಬರೆದಿಟ್ಟದ್ದನ್ನು ನೋಡಿದರೆ ಪ್ರತಿ ಸಲವೂ ಮುಂಚೆ ಒಂದು ಸದ್ದು: ಮಿಕ್ಸಿ, ಕುಕ್ಕರ್ ಸೀಟಿ, ಪಕ್ಕದ ಮನೆಯ ಡ್ರಿಲ್. ಸಂಜೆ ಅಜ್ಜಿ ಹೀಗೆ ಹೇಳಿ ಬಾಗಿಲು ಹಾಕಿದ ಮೇಲೆ ರಸ್ತೆಯ ಗದ್ದಲ ನಿಲ್ಲುತ್ತಿತ್ತು. ‘ಸದ್ದು ನಿಲ್ಲಿಸಿ’ ಎನ್ನಲು ಅವನ ಹತ್ತಿರ ಇದ್ದದ್ದು ಅದೊಂದೇ ಮಾತು. ಹಾಗೆಯೇ ‘ನಿಂಗೆ ನೀರು ಬೇಕಾ’ ಎನ್ನುತ್ತಾ ನಿಮ್ಮನ್ನು ಅಡುಗೆಮನೆಗೆ ಎಳೆಯುವ ಮಗು ನೀರು ಕೇಳುತ್ತಿದೆ. ಗದರಿ ಬಾಯಿ ಮುಚ್ಚಿಸಬೇಡಿ.

ನಾಲ್ಕನೆಯದು ನಿಮ್ಮ ಮಾತು. ‘ಇದೇನು? ಇದ್ಯಾವ ಬಣ್ಣ?’ ಎಂಬ ಪರೀಕ್ಷೆ ನಿಲ್ಲಿಸಿ. ಮಗು ಹೇಳಬೇಕಾದದ್ದನ್ನು ಅದರ ಪರವಾಗಿ ನೀವೇ ಹೇಳಿ: ‘ನಂಗೆ ನೀರು ಬೇಕು’. ಅದನ್ನೇ ತಿರುಗಿ ಹೇಳಿದರೂ ಸರಿಯಾಗಿಯೇ ಇರುತ್ತದೆ. ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಗುಂಡಿ ಒತ್ತಿದರೆ ಎಬಿಸಿಡಿ ಹೇಳುವ ಆಟಿಕೆಗೆ ದುಡ್ಡು ಸುರಿಯಬೇಡಿ, ಅದು ಮನೆಗೆ ಇನ್ನೊಂದು ಗಿಣಿ ತಂದಂತೆ. ಬಜೆ ತೇದು ನಾಲಿಗೆಗೆ ಹಚ್ಚಿ ಆರು ತಿಂಗಳು ಕಾದು ಕೂತವರನ್ನೂ ನೋಡಿದ್ದೇನೆ. ಆ ಆರು ತಿಂಗಳು ವಾಪಸ್ ಬರಲಿಲ್ಲ.

1 ವರ್ಷ ತುಂಬಿದರೂ ಮಗು ಹೆಸರು ಕರೆದಾಗ ತಿರುಗುವುದಿಲ್ಲ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ; 2 ವರ್ಷಕ್ಕೆ ‘ಅಮ್ಮ ಬಾ’ ಎಂದು ತಾನಾಗಿ ಎರಡು ಪದ ಕೂಡಿಸುವುದಿಲ್ಲ; 3 ದಾಟಿದರೂ ಬರುವುದೆಲ್ಲ ಕೇಳಿದ ಮಾತೇ. ಇವುಗಳಲ್ಲಿ ಒಂದಿದ್ದರೂ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಬಂದ ಮಾತು ಹೋಯಿತೆಂದರೆ ಯಾವ ವಯಸ್ಸಾದರೂ ಅದೇ ವಾರ ಹೋಗಿ. ‘ಇವರಪ್ಪನೂ ಲೇಟಾಗೇ ಮಾತಾಡಿದ್ದು’ ಎನ್ನುವವರು ಮನೆಯಲ್ಲೇ ಇರಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ.

ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ. ಹೊಸ ಕೋಣೆಯಲ್ಲಿ, ಹೊಸ ಮುಖದ ಮುಂದೆ ಮಗು ಬಾಯಿಯನ್ನೇ ಬಿಡದಿರಬಹುದು.